ಐದು ಮಿಲಿಮೀಟರಿನ ಸಾಲು

ಜೂನ್ 4

ಮಗಳು ಗುಬ್ಬಿಗೆ,

ಇಲ್ಲಿ ನಾನು, ನಿನ್ನಮ್ಮ, ನನ್ನ ಎಡ ಮೊಣಕಾಲು ಮೂವರೂ ಇದ್ದೇವೆ. ಮೊದಲಿಬ್ಬರು ಆರೋಗ್ಯವಾಗಿದ್ದೇವೆ. ನೀನು, ಅಳಿಯ, ಮೊಮ್ಮಗ ಹೇಗಿದ್ದೀರಿ ಎಂಬುದನ್ನು ಬರವಣಿಗೆಯಲ್ಲಿ ತಿಳಿಸತಕ್ಕದ್ದು. ನೀನು ಅಮ್ಮನ ಹತ್ತಿರ ದಿನಾ ಫೋನಿನಲ್ಲಿ ಮಾತಾಡುತ್ತೀ, ಗೊತ್ತು. ಆದರೆ ಫೋನಿನಲ್ಲಿ ಆಡಿದ್ದಕ್ಕೆ ದಾಖಲೆ ಎಲ್ಲಿದೆ? "ಏನಂದಳು?" ಎಂದು ಕೇಳಿದರೆ ನಿನ್ನಮ್ಮ "ಎಲ್ಲ ಸರಿಯಾಗಿದೆಯಂತೆ" ಅನ್ನುತ್ತಾಳೆ. ಮುಕ್ಕಾಲು ಗಂಟೆ ಮಾತಾಡಿ ತಂದ ವರದಿ ಎರಡು ಪದ!

ಮೊಮ್ಮಗನ ಫೋಟೋ ಬಂತು. ಹಿಂಬದಿಯಲ್ಲಿ ದಿನಾಂಕವಿಲ್ಲ. ಅಳತೆಗೆಂದು ಪಕ್ಕದಲ್ಲಿ ಒಂದು ಸ್ಕೇಲು ಇಟ್ಟು ತೆಗೆಯಬಾರದಿತ್ತೇ? ನನ್ನ ಮೇಜಿನ ಮೇಲಿನ ನೀಲಿ ಡಬ್ಬಿಯಿಂದ ಉಕ್ಕಿನ ಸ್ಕೇಲು ತೆಗೆದು ಅಳೆದೆ, ಮೂಗು ನಾಲ್ಕು ಮಿಲಿಮೀಟರ್ ಬಂತು. ಗಡಿಬಿಡಿಯಲ್ಲಿ ಡಬ್ಬಿ ಒಂದಿಷ್ಟು ತಿರುಗಿತು ನೋಡು, ನಿನ್ನಮ್ಮ ಒಳಗಿನಿಂದಲೇ "ಡಬ್ಬಿ ಇದ್ದ ಹಾಗೇ ಇಡಿ" ಎಂದು ಗದರಿದಳು. ಅದರ ಮುಖ ಗೋಡೆಯ ಕಡೆಗೇ ಇರಬೇಕೆಂಬುದು ಈ ಮನೆಯ ಕಾನೂನು. ಚಿಕ್ಕಂದಿನಲ್ಲಿ ನೀನು ತಿರುಗಿಸಲು ಹೋಗಿ ಬೈಸಿಕೊಂಡಿದ್ದು ನೆನಪಿರಬೇಕು.

ಮಗು ನೋಡಲು ಇನ್ನೂ ಬಂದಿಲ್ಲವೆಂದು ಮುನಿಸಿಕೊಳ್ಳಬೇಡ. ಹಸುಗೂಸುಗಳ ಹಾಲಿನ ಪುಡಿಗೆ ಹೊಸ ಲೇಬಲ್ ನಿಯಮ ಬಂದಿದೆ. ಎಲ್ಲ ಕಂಪನಿಗಳೂ ಡಬ್ಬಿಯ ಲೇಬಲ್ ತಿದ್ದಿ ನಮ್ಮ ಕಚೇರಿಗೆ ಕಳಿಸುತ್ತಿದ್ದಾರೆ. ನಾನು ಓದಿ, ಅಳೆದು, ಸಹಿ ಹಾಕದೆ ಒಂದೂ ಅಂಗಡಿಗೆ ಹೋಗುವ ಹಾಗಿಲ್ಲ. ಮೇಜಿನ ಮೇಲೆ ಕಡತಗಳು ನನ್ನ ಗದ್ದದವರೆಗೆ ಬಂದಿವೆ. ಎದುರಿನ ಗುಮಾಸ್ತ "ಮಿಲಿಮೀಟರ್ ಸಾರ್, ಇದ್ದೀರಾ?" ಎಂದು ಕೂಗಿ ಕೇಳುತ್ತಾನೆ.

ಒಂದು ಸಂತೋಷದ ಸುದ್ದಿ. "ತಾಯಿಯ ಹಾಲೇ ನಿಮ್ಮ ಮಗುವಿಗೆ ಶ್ರೇಷ್ಠ" ಎಂಬ ಸಾಲು ಇದೆಯಲ್ಲ, ಇಷ್ಟು ದಿನ ಡಬ್ಬಿಯ ಬೆನ್ನಿನಲ್ಲಿ ಇರುವೆ ಸಾಲಿನ ಹಾಗೆ ಬಿದ್ದಿತ್ತು. ಮೂರು ವರ್ಷ ಟಿಪ್ಪಣಿ ಬರೆದೂ ಬರೆದೂ ಅದನ್ನು ಮುಂಭಾಗಕ್ಕೆ ತಂದೆ. ಈಗ ಐದು ಮಿಲಿಮೀಟರ್ ಎತ್ತರ, ಬಿಳಿಯ ಮೇಲೆ ಕಡುಗಪ್ಪು. ಡಬ್ಬಿ ಕೈಗೆತ್ತಿಕೊಂಡ ಯಾವ ತಾಯಿಯೂ ಇನ್ನು ಅದನ್ನು ಓದದೆ ತಪ್ಪಿಸಿಕೊಳ್ಳಲಾರಳು. ನಿನ್ನಪ್ಪ ಮಾಡಿದ ಕೆಲಸ ಇದು, ಹೇಳಿಕೊಳ್ಳಬಹುದು.

ಅಳತೆಯಿಲ್ಲದ ಆಶೀರ್ವಾದಗಳೊಂದಿಗೆ,
ಅಪ್ಪ

(ಗುಬ್ಬಿ, ಉಳಿದ ಜಾಗದಲ್ಲಿ ನಾನು ಬರೆಯುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ತಿನ್ನು. ಇವರು ಬರೆದದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ. ಅಮ್ಮ)


ಜೂನ್ 13

ಅಪ್ಪಾ,

ದಾಖಲೆಗಾಗಿ: ನಾನು ಚೆನ್ನಾಗಿದ್ದೇನೆ. ನಿಮ್ಮ ಅಳಿಯ ಮೊನ್ನೆ ಫ್ರಿಜ್ ರಿಪೇರಿಗೆ ಹೋದ ಮನೆಯಲ್ಲಿ ಆ ಫ್ರಿಜ್ಜಿಗೇ ಒರಗಿ ನಿದ್ದೆ ಹೋದರು. ಮನೆಯಾಕೆ ಎಬ್ಬಿಸಿ, ಕಾಫಿ ಕೊಟ್ಟು, "ಮನೇಲಿ ಚಿಕ್ಕ ಮಗು ಇದೆಯಾ?" ಅಂದರಂತೆ. ಫ್ರಿಜ್ ಮಾತ್ರ ರಿಪೇರಿ ಆಗಲಿಲ್ಲ. ಗುಂಡ ಚೆನ್ನಾಗಿ ಅಳುತ್ತಾನೆ. ಗುಂಡ ಎಂದು ಕರೆದರೆ ಗುಂಡಗಾಗುತ್ತಾನೆಂದು ಅವರಪ್ಪನ ಲೆಕ್ಕ. ಇನ್ನೂ ಆಗಿಲ್ಲ.

ಮೂಗು ನಾಲ್ಕಲ್ಲ, ಹದಿನಾರು ಮಿಲಿಮೀಟರ್. ನಾನೇ ಅಳೆದೆ. ಯಾರ ಮಗಳು!

ಒಂದು ವಿಷಯ ಕೇಳಬೇಕು. ನನಗಲ್ಲ. ಪಕ್ಕದ ಮನೆಯಲ್ಲೊಬ್ಬಳು ಇದ್ದಾಳೆ, ಅವಳ ಮಗುವಿಗೂ ಹೆಚ್ಚು ಕಡಿಮೆ ಗುಂಡನಷ್ಟೇ ವಯಸ್ಸು. ಅವಳು ಡಬ್ಬಿ ಹಾಲು ಕೊಡುತ್ತಿದ್ದಾಳೆ. ಡಾಕ್ಟರು ಹೇಳಿದ್ದಕ್ಕೇ ಕೊಡುತ್ತಿರುವುದು. ಹಳದಿ ಮುಚ್ಚಳದ ಡಬ್ಬಿ. ಮೊದಲೆಲ್ಲ ಮಗು ಚೆನ್ನಾಗಿಯೇ ತೂಗುತ್ತಿತ್ತು. ಮೇ ತಿಂಗಳಲ್ಲಿ ಹೊಸ ಲೇಬಲ್ಲಿನ ಡಬ್ಬಿ ಬಂತು, ಆಮೇಲೆ ತೂಕದ ಮುಳ್ಳು ಜಪ್ಪಯ್ಯ ಅಂದರೂ ಮುಂದೆ ಹೋಗುತ್ತಿಲ್ಲ. ಆಸ್ಪತ್ರೆಯ ತೂಕದ ಸಿಸ್ಟರ್ ಪ್ರತಿ ಸೋಮವಾರ ಮಗುವನ್ನು ತಟ್ಟೆಯಲ್ಲಿ ಮಲಗಿಸಿ, ಕಾರ್ಡಿನಲ್ಲಿ ಬರೆದು, ತಲೆ ಎತ್ತದೆ "ಹ್ಞೂಂ" ಅನ್ನುತ್ತಾರೆ. ಆ ಹ್ಞೂಂ ಕೇಳಿದರೆ ಜೀವ ಬಾಯಿಗೆ ಬರುತ್ತದೆ. ಅಂತ ಅವಳು ಹೇಳುತ್ತಾಳೆ.

ಅವಳು ಲೇಬಲ್ಲಿನಲ್ಲಿ ಇದ್ದ ಹಾಗೇ ಬೆರೆಸುತ್ತಾಳಂತೆ. ಒಂದು ಚಮಚ ಪುಡಿಗೆ ಮೂವತ್ತು ಮಿಲಿಲೀಟರ್ ನೀರು, ಚಮಚ ತಲೆ ತಟ್ಟಿ ಸಮ ಮಾಡಿ. ನೀವು ಲೇಬಲ್ ಬಲ್ಲವರು. ಲೇಬಲ್ ತಪ್ಪಾಗಿರಲು ಸಾಧ್ಯವೇ?

ಇನ್ನೊಂದು. ಆ ಐದು ಮಿಲಿಮೀಟರ್ ಸಾಲು ಯಾರಿಗಾಗಿ ಬರೆದದ್ದು, ಅಪ್ಪಾ? ಅವಳು ಕೇಳಿದಳು.

ನಿಮ್ಮ ಮೊಣಕಾಲಿಗೂ ನಮಸ್ಕಾರ ಹೇಳುತ್ತಾ,
ಗುಬ್ಬಿ


ಜೂನ್ 20

ಗುಬ್ಬಿ,

ನಿನ್ನ ಪಕ್ಕದ ಮನೆಯವಳ ಪ್ರಶ್ನೆ ಓದಿ ನಗು ಬಂತು. ಲೇಬಲ್ ತಪ್ಪಾಗಿದೆಯೇ ಅಂತೆ! ಹಳದಿ ಮುಚ್ಚಳದ ಆ ಡಬ್ಬಿಗೆ ಸಹಿ ಹಾಕಿದವನು ನಾನೇ. ಕಡತ ತರಿಸಿ ಮತ್ತೆ ನೋಡಿದೆ. ಮುಂಭಾಗದ ಸಾಲು ಐದು ಮಿಲಿಮೀಟರ್, ಸರಿ. ಮಗುವಿನ ಚಿತ್ರ ಇಲ್ಲ, ಸರಿ. ಹಾಲಿನ ಬಾಟಲಿಯ ಚಿತ್ರ ಇಲ್ಲ, ಸರಿ. "ತಾಯಿಯ ಹಾಲಿಗೆ ಸಮ" ಎಂದು ಒಂದು ಮೂಲೆಯಲ್ಲಿ ನುಸುಳಿಸಿದ್ದರು, ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದೇನೆ. ಡಬ್ಬಿಯೊಳಗಿನ ಅಳತೆ ಚಮಚವನ್ನೂ ಬಿಟ್ಟಿಲ್ಲ. ಅದರ ಹಿಡಿಯ ಮೇಲೆ "ತಲೆ ತಟ್ಟಿ ಬಳಸಿ" ಎಂದು ಒತ್ತಿದ್ದಾರೆ. ಭೂತಗನ್ನಡಿ ಇಟ್ಟು ಅಳೆದು, "ಅಕ್ಷರದ ಎತ್ತರ 2.1 ಮಿ.ಮೀ., ಸರಿ" ಎಂದು ಬರೆದಿದ್ದೇನೆ. ನನ್ನ ಇಪ್ಪತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಇಷ್ಟು ಅಚ್ಚುಕಟ್ಟಾದ ಲೇಬಲ್ ನೋಡಿಲ್ಲ.

ಆದ್ದರಿಂದ ತಪ್ಪು ಲೇಬಲ್ಲಿನದಲ್ಲ. ಆಕೆಯನ್ನು ಇಷ್ಟು ಕೇಳು: ನೀರು ಮೊದಲೋ ಪುಡಿ ಮೊದಲೋ? ಕುದಿಸಿ ಆರಿಸಿದ ನೀರೋ? ಕನ್ನಡಕ ಹಾಕಿಕೊಳ್ಳುತ್ತಾಳೋ? ಡಬ್ಬಿ ತೆರೆದು ಎಷ್ಟು ದಿನವಾಯಿತು? ಡಬ್ಬಿಯ ಮೇಲೆ ತೆರೆದ ದಿನಾಂಕ ಬರೆಯುವ ಒಳ್ಳೆಯ ಅಭ್ಯಾಸ ಎಲ್ಲರ ಮನೆಯಲ್ಲೂ ಇರುವುದಿಲ್ಲ, ನಮ್ಮ ಮನೆಯ ಮಾತು ಬೇರೆ.

ಆ ಸಾಲು ಯಾರಿಗಾಗಿ ಎಂದು ಕೇಳಿದಳೇ? ಅವಳಿಗಾಗಿಯೇ! ಈಗಿನವರಿಗೆ ಎಲ್ಲವೂ ಡಬ್ಬಿಯಲ್ಲಿ ಸಿದ್ಧವಾಗಿ ಸಿಗಬೇಕು. ಸ್ವಲ್ಪ ಸೋಮಾರಿತನ ಬಿಟ್ಟಿದ್ದರೆ ಡಬ್ಬಿ ಬೇಕಾಗುತ್ತಲೇ ಇರಲಿಲ್ಲವೇನೋ. ಹೀಗೆಂದು ನಾನು ಹೇಳಿದೆನೆಂದು ಹೇಳಬೇಡ, ನಯವಾಗಿ ತಿಳಿಸು.

ಇಂತಿ, ಸಹಿ ಮತ್ತು ಮೊಹರಿನ ಸಮೇತ,
ಅಪ್ಪ

(ಗುಬ್ಬಿ, ಈ ಪತ್ರ ನಾನು ನೋಡುವ ಮೊದಲೇ ಲಕೋಟೆಗೆ ಅಂಟು ಹಾಕಿಬಿಟ್ಟರು. ಏನು ಬರೆದಿದ್ದಾರೋ. ಲಕೋಟೆಯ ಮೇಲೆಯೇ ಬರೆಯುತ್ತಿದ್ದೇನೆ. ಫೋನ್ ಮಾಡು. ಅಮ್ಮ)


ಜುಲೈ 1

ಅಪ್ಪಾ,

ನೀವು ಹೇಳಿದ್ದನ್ನು ಪಕ್ಕದ ಮನೆಯವಳಿಗೆ ನಯವಾಗಿ ತಿಳಿಸಿದೆ. ಅವಳು ಅಷ್ಟೇ ನಯವಾಗಿ ಉತ್ತರ ಕೊಟ್ಟಿದ್ದಾಳೆ, ಕೇಳಿ.

ಅವಳು ಸೋಮಾರಿಯಲ್ಲ. ಮೂರು ವಾರ ಹಗಲು ರಾತ್ರಿ ಮಗುವನ್ನು ಎದೆಗೆ ಹಾಕಿಕೊಂಡು ಕೂತಳು. ಎದೆ ಒಡೆದು ರಕ್ತ ಬಂತು, ಹಾಲು ಬರಲಿಲ್ಲ. ಯಾರೋ ಹೇಳಿದ ಕಷಾಯ ಕುಡಿದಳು, ಇನ್ಯಾರೋ ಹೇಳಿದ ಕಾಳು ತಿಂದಳು, ಬಂದು ಹೋದವರ ಉಪದೇಶವನ್ನೆಲ್ಲ ನುಂಗಿದಳು. ಮಗುವಿನ ಬಾಯಿ ಒಣಗಿದಾಗ ಡಾಕ್ಟರು "ಅಮ್ಮಾ, ಸಾಕು, ಇನ್ನು ಡಬ್ಬಿ ತಗೋ" ಅಂದರು. ಅವಳ ಅಮ್ಮ ಅವತ್ತು ಪಕ್ಕದಲ್ಲೇ ಇದ್ದರು. ಅವರು ಅವಳ ತಲೆ ನೇವರಿಸಿ ಹೊರಗೆ ಹೋಗಿ ಅತ್ತರು. ಈಗ ಅವಳು ದಿನಕ್ಕೆ ಎಂಟು ಸಲ ಆ ಡಬ್ಬಿ ಕೈಗೆತ್ತಿಕೊಳ್ಳುತ್ತಾಳೆ, ಎಂಟು ಸಲ ನಿಮ್ಮ ಸಾಲು ಓದುತ್ತಾಳೆ. ಕನ್ನಡಕ ಬೇಕಿಲ್ಲ. ಐದು ಮಿಲಿಮೀಟರ್ ಇದೆಯಲ್ಲ, ಅಳುತ್ತಿದ್ದರೂ ಓದಲು ಬರುತ್ತದೆ.

ಇನ್ನು ನಿಮ್ಮ ಪ್ರಶ್ನೆಗಳು. ನೀರು ಮೊದಲು. ಕುದಿಸಿ ಆರಿಸಿದ್ದು. ಅವಳು ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು, ಅಂದರೆ ನನ್ನ ಹಾಗೆ, ಅಳತೆಯಲ್ಲಿ ತಪ್ಪುವವಳಲ್ಲ. ಅದಕ್ಕೇ ನಾವಿಬ್ಬರೂ, ನಾನು ಮತ್ತು ಅವಳು, ರಜೆಯಲ್ಲಿದ್ದರೂ ಮೊನ್ನೆ ಪ್ರಯೋಗಾಲಯಕ್ಕೆ ಹೋಗಿ, ಬಾಗಿಲು ಹಾಕಿಕೊಂಡು, ಸೂಕ್ಷ್ಮ ತಕ್ಕಡಿಯಲ್ಲಿ ಆ ಡಬ್ಬಿಯ ಚಮಚದ ಪುಡಿ ತೂಗಿದೆವು. ತಲೆ ತಟ್ಟಿ, ಸಮ ಮಾಡಿ, ಹತ್ತು ಸಲ. ಲೇಬಲ್ಲಿನ ಪ್ರಕಾರ ಒಂದು ಚಮಚಕ್ಕೆ ನಾಲ್ಕೂವರೆ ಗ್ರಾಂ ಬರಬೇಕು. ಹತ್ತು ಸಲವೂ ಮೂರು ಪಾಯಿಂಟ್ ಆರರ ಆಸುಪಾಸಿನಲ್ಲೇ ಬಂತು. ಮೊದಲಿನ ಹಳೆಯ ಡಬ್ಬಿಯ ಚಮಚ ಅಟ್ಟದ ಮೇಲಿತ್ತು, ಅದನ್ನೂ ತೂಗಿದೆವು: ಸರಿಯಾಗಿ ನಾಲ್ಕೂವರೆ.

ಅಂದರೆ ಕಂಪನಿಯವರು ಹೊಸ ಡಬ್ಬಿಗೆ ಚಿಕ್ಕ ಚಮಚ ಹಾಕಿದ್ದಾರೆ, ಎಷ್ಟು ಚಮಚ ಹಾಕಬೇಕೆಂಬ ಕೋಷ್ಟಕವನ್ನು ಹಾಗೆಯೇ ಬಿಟ್ಟಿದ್ದಾರೆ. ಮಗು ಎರಡು ತಿಂಗಳಿನಿಂದ ಐದರಲ್ಲೊಂದು ಪಾಲು ಕಡಿಮೆ ಹಾಲು ಕುಡಿಯುತ್ತಿದೆ. ಹೊಟ್ಟೆ ತುಂಬ ನೀರು, ಲೇಬಲ್ಲಿನ ಪ್ರಕಾರವೇ.

ನೀವು ಚಮಚದ ಮೇಲಿನ ಅಕ್ಷರ ಅಳೆದಿರಿ, ಅಪ್ಪಾ. ಚಮಚ ಅಳೆಯಲಿಲ್ಲ.

ಡಬ್ಬಿಯನ್ನೂ ಎರಡೂ ಚಮಚಗಳನ್ನೂ ಪಾರ್ಸಲ್ಲಿನಲ್ಲಿ ಕಳಿಸಿದ್ದೇನೆ. ಅವಳು ಕಳಿಸು ಅಂದಳು.

ಗುಬ್ಬಿ


ಜುಲೈ 6

ಗುಬ್ಬಿ,

ಪಾರ್ಸಲ್ ತಲುಪಿದೆ. ಪಕ್ಕದ ಮನೆಯಾಕೆಗೆ ಈ ಕೆಳಗಿನದನ್ನು ಕೂಡಲೇ ತಿಳಿಸುವುದು. ಆ ಚಿಕ್ಕ ಚಮಚದಿಂದ ಇನ್ನು ಒಂದು ಹನಿ ಹಾಲನ್ನೂ ಬೆರೆಸಬಾರದು. ತಾನೇ ಲೆಕ್ಕ ಹಾಕಿ ಹೆಚ್ಚು ಪುಡಿ ಹಾಕಲೂ ಬಾರದು. ಮಗುವನ್ನು ನಾಳೆಯೇ ಡಾಕ್ಟರ ಹತ್ತಿರ ಕರೆದೊಯ್ದು, ನೀವು ತೂಗಿದ ಅಂಕಿಗಳನ್ನು ತೋರಿಸಿ, ಅವರು ಹೇಳಿದ ಹಾಲನ್ನು ಅವರು ಹೇಳಿದ ಅಳತೆಯಲ್ಲಿ ಕೊಡಬೇಕು. ಸೋಮವಾರದವರೆಗೆ ಕಾಯಬಾರದು.

ನಾನೂ ಅಳೆದೆ. ಆಕೆ ಹೇಳಿದ್ದು ಸರಿ. ನಾನು ಹೇಳಿದ್ದು ತಪ್ಪು.

ಡಬ್ಬಿಯ ಮೇಲೆ "ತೆರೆದದ್ದು 24-6" ಎಂದು ಪೆನ್ನಿನಲ್ಲಿ ಬರೆದಿದೆ. ನಾಲ್ಕರ ತಲೆ ಮುಚ್ಚಿಲ್ಲ. ಒಂದನೇ ತರಗತಿಯಲ್ಲಿ ಒಬ್ಬಳಿಗೆ ನಾಲ್ಕು ಬರೆಯಲು ಕಲಿಸುವಾಗ ತಲೆ ಮುಚ್ಚು, ಮುಚ್ಚು ಎಂದು ಎಷ್ಟು ಹೇಳಿದರೂ ಮುಚ್ಚುತ್ತಿರಲಿಲ್ಲ. ನಿನ್ನ ಪಕ್ಕದ ಮನೆಯಾಕೆಯ ಕೈಬರಹ ಚೆನ್ನಾಗಿದೆ ಎಂದು ತಿಳಿಸು.

ಇವತ್ತು ಇಷ್ಟೇ ಬರೆಯಲು ಆಗುತ್ತಿರುವುದು.

ಅಪ್ಪ


ಜುಲೈ 8

ನನ್ನ ಗುಬ್ಬಿಗೆ,

ನಾನು ಕಾಗದ ಬರೆಯುವವಳಲ್ಲ, ನಿನಗೇ ಗೊತ್ತು. ಆದರೆ ನಿನ್ನಪ್ಪ ಫೋನಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾರೆ, ಮಾತಾಡುವುದು ಹೇಗೆ?

ನಿನ್ನ ಪಾರ್ಸಲ್ ಬಂದ ದಿನ ಏನಾಯಿತು ಹೇಳುತ್ತೇನೆ. ಚಮಚ ಹಿಡಿದುಕೊಂಡು ಸೀದಾ ಅಡುಗೆಮನೆಗೆ ನುಗ್ಗಿದರು. ಡಬ್ಬದಲ್ಲಿದ್ದ ಹಿಟ್ಟನ್ನೆಲ್ಲ ಚಮಚದಲ್ಲಿ ತುಂಬಿ, ಸ್ಕೇಲಿನ ಬೆನ್ನಲ್ಲಿ ಸಮ ಮಾಡಿ, ಕಾಗದದ ಮೇಲೆ ಗುಡ್ಡೆ ಹಾಕುತ್ತಾ ಬಂದರು. ಒಲೆ ಮೇಲೆ ಹಿಟ್ಟು, ನೆಲದ ಮೇಲೆ ಹಿಟ್ಟು, ಇವರ ಹುಬ್ಬಿನ ಮೇಲೆ ಹಿಟ್ಟು. "ಏನ್ರೀ ಇದು ಅವತಾರ?" ಅಂದರೆ "ಹಿಟ್ಟಿನ ತೂಕ ಬೇರೆ, ಹಾಲಿನ ಪುಡಿ ತೂಕ ಬೇರೆ, ಇದು ಲೆಕ್ಕಕ್ಕಿಲ್ಲ" ಅಂದರು. ಲೆಕ್ಕಕ್ಕಿಲ್ಲದ್ದನ್ನು ಯಾಕೆ ಚೆಲ್ಲಿದಿರಿ ಎಂದು ಕೇಳುವಷ್ಟರಲ್ಲಿ ನನ್ನನ್ನು ಹೊರಡಿಸಿಕೊಂಡು ಔಷಧಿ ಅಂಗಡಿಗೆ ಹೋಗಿ ಹಳದಿ ಮುಚ್ಚಳದ ಡಬ್ಬಿ ಕೇಳಿದರು. ಅಂಗಡಿಯವನು ಇವರ ಬಿಳಿ ಕೂದಲು ನೋಡಿದ, ನನ್ನ ಹೊಟ್ಟೆ ನೋಡಿದ, "ಸಾರ್, ಎಷ್ಟು ತಿಂಗಳ ಮಗು?" ಅಂದ. ಇವರು "ಚಮಚ ಬೇಕಾಗಿದೆ" ಅಂದರು. ಅವನಿಗೆ ಇವತ್ತಿಗೂ ಅರ್ಥವಾಗಿರಲಿಕ್ಕಿಲ್ಲ.

ಅಲ್ಲೇ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದರು. ಮನೆಗೆ ಬಂದು ನಿನ್ನ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾ, "ಇದು ಗುಬ್ಬಿಯ ನಾಲ್ಕು. ನಿನಗೆ ಗೊತ್ತಿತ್ತಾ?" ಅಂದರು. ಗೊತ್ತಿತ್ತು ಅಂದೆ. "ನನಗೆ ಯಾಕೆ ಹೇಳಲಿಲ್ಲ?" ಅಂದರು. ನೀವು ಹೇಳಿಸಿಕೊಳ್ಳುವ ಹಾಗೆ ಇದ್ದಿರಾ ಎಂದು ಕೇಳಿದೆ. ಬೈದುಬಿಡಬೇಕು ಅನ್ನಿಸಿತ್ತು ನನಗೆ, ಆದರೆ ಹುಬ್ಬಿನ ಮೇಲೆ ಹಿಟ್ಟು ಇಟ್ಟುಕೊಂಡವರನ್ನು ಎಷ್ಟು ಬೈಯಲು ಸಾಧ್ಯ?

ನೀನು ಹೆದರಬೇಡ, ಬರೆದುಬಿಡು. ನಾನು ಒಂದು ಮಾತಿಗೆ ಅವರನ್ನು ಕಟ್ಟಿಹಾಕಿದ್ದೆ, ನಿನ್ನೆ ಬಿಡಿಸಿದ್ದೇನೆ. ಏನೆಂದು ಅವರೇ ಬರೆಯಲಿ.

ಹಿಟ್ಟು ಗುಡಿಸುತ್ತಿರುವ ನಿನ್ನ
ಅಮ್ಮ


ಜುಲೈ 13

ಅಪ್ಪಾ,

ನಮ್ಮ ಪಕ್ಕದ ಮನೆಯಲ್ಲಿ ಯಾರೂ ಇಲ್ಲ. ಅದು ಹಳೆ ಟೈರುಗಳ ಗೋದಾಮು. ಇನ್ನೊಂದು ಪಕ್ಕದಲ್ಲಿ ಎಪ್ಪತ್ತು ದಾಟಿದ ನಿವೃತ್ತ ಡ್ರಿಲ್ ಮೇಷ್ಟ್ರು ಇದ್ದಾರೆ, ಅವರಿಗೆ ಹಸುಗೂಸು ಇರುವ ಸಂಭವ ಕಡಿಮೆ.

ನಿಮಗೆ ಆಗಲೇ ಗೊತ್ತಾಗಿದೆ. ಆದರೂ ದಾಖಲೆ ಇರಲಿ. ಗುಂಡನಿಗೆ ಇಪ್ಪತ್ತೆರಡನೇ ದಿನದಿಂದ ಡಬ್ಬಿ ಹಾಲು ಕೊಡುತ್ತಿದ್ದೇನೆ. ನಿಮಗೆ ಹೇಳಲು ನಾಚಿಕೆಯಾಯಿತು. ಊರಿನವರೆಲ್ಲ ಏನಾದರೂ ಅಂದುಕೊಳ್ಳಲಿ, ನೀವು ಕಡತದಲ್ಲಿ ಕೆಂಪು ಶಾಯಿಯಿಂದ ಹೊಡೆದು ಹಾಕಿದ ಹಾಗೆ ನನ್ನನ್ನೂ ಹೊಡೆದು ಹಾಕಿಬಿಟ್ಟರೆ ಎಂದು ಹೆದರಿದ್ದೆ. ಚಿಕ್ಕಂದಿನಿಂದ ಬಿಸ್ಕತ್ತಿನ ಪೊಟ್ಟಣ ಓದಿಸಿಯೇ ಬಿಸ್ಕತ್ತು ಕೊಟ್ಟವರು ನೀವು. ಅದಕ್ಕೇ ಲೇಬಲ್ ಏನು ಹೇಳಿದರೂ ನಂಬುತ್ತೇನೆ. ಮಗು ಸೊರಗುತ್ತಿದ್ದಾಗ ಲೇಬಲ್ ಸರಿ, ಚಮಚ ಸರಿ, ತಪ್ಪು ನನ್ನಲ್ಲೇ ಇರಬೇಕು ಅಂದುಕೊಂಡೆ. ಎರಡು ತಿಂಗಳು ಹಾಗೇ ಅಂದುಕೊಂಡೆ. ತಕ್ಕಡಿಯಲ್ಲಿ ಮೂರು ಪಾಯಿಂಟ್ ಆರು ಬಂದಾಗ ಪ್ರಯೋಗಾಲಯದ ನೆಲದ ಮೇಲೆ ಕೂತು ಅತ್ತೆ. ಸಿಟ್ಟಿಗೂ ಹೌದು, ಸಮಾಧಾನಕ್ಕೂ ಹೌದು.

ನಿಮ್ಮ ಕಾಗದ ಬರುವ ಮೊದಲೇ ಡಾಕ್ಟರಿಗೆ ತೋರಿಸಿದ್ದೆ. ಅವರು ನನ್ನ ಹತ್ತು ಅಂಕಿ ನೋಡಿ, ಎರಡು ಸಲ ನೋಡಿ, ಬೇರೆ ಡಬ್ಬಿ ಬರೆದುಕೊಟ್ಟರು. "ಇಷ್ಟು ಅಚ್ಚುಕಟ್ಟಾಗಿ ಯಾರಮ್ಮ ಕಲಿಸಿದ್ದು?" ಅಂದರು. ನಿಮ್ಮ ಮೇಲೆ ಸಿಟ್ಟಿತ್ತು, ಹಾಗಾಗಿ ಯಾರೂ ಇಲ್ಲ ಅಂದೆ.

ಹೊಸ ಡಬ್ಬಿಯ ಮೇಲೂ ನಿಮ್ಮ ಸಾಲು ಇದೆ. ಐದು ಮಿಲಿಮೀಟರ್. ಅಳೆದೆ.

ಅಮ್ಮ ಏನೋ ಮಾತು ಬಿಡಿಸಿದ್ದೇನೆ ಅಂದಳು. ಏನು?

ಪಕ್ಕದ ಮನೆಯವಳಲ್ಲದ,
ಗುಬ್ಬಿ


ಜುಲೈ 19

ಗುಬ್ಬಿ ಮಗಳೇ,

ಮೊದಲು ಕಚೇರಿಯ ಸಂಗತಿ. ಹಳದಿ ಮುಚ್ಚಳದ ಕಡತಕ್ಕೆ ನಾನು ಹಾಕಿದ ಸಹಿಯ ಕೆಳಗೆ ನಾನೇ ಆಕ್ಷೇಪಣೆ ಬರೆದು ಸಾಹೇಬರ ಮುಂದಿಟ್ಟೆ. ಅವರು ಓದಿ, "ಏನ್ರೀ, ನಿಮ್ಮ ಮೇಲೆ ನೀವೇ ದೂರು ಕೊಡ್ತಿದ್ದೀರಾ? ಈಗ ನಾನು ಯಾರನ್ನ ಬೈಯಲಿ?" ಅಂದರು. "ನನ್ನನ್ನೇ ಸಾರ್" ಅಂದೆ. ಬೈದರು. ಅಂಗಡಿಗಳಿಂದ ಆ ಡಬ್ಬಿಗಳನ್ನೆಲ್ಲ ವಾಪಸ್ ತರಿಸಲು, ಕೊಂಡವರಿಗೆಲ್ಲ ತಿಳಿಸಲು ಅವತ್ತೇ ಆದೇಶ ಹೊರಟಿತು. ಇನ್ನು ಮೇಲೆ ಚಮಚವನ್ನು ತೂಗದೆ ಯಾವ ಲೇಬಲ್ಲಿಗೂ ಸಹಿ ಇಲ್ಲ. ನನಗೆ ಒಂದು ಮೆಮೋ ಕೊಟ್ಟಿದ್ದಾರೆ. ಅದರಲ್ಲಿ ದಿನಾಂಕ ಇರಲಿಲ್ಲ, ಹೇಳಿ ಹಾಕಿಸಿಕೊಂಡೆ. ನನ್ನನ್ನು ಬಿಸ್ಕತ್ತಿನ ವಿಭಾಗಕ್ಕೆ ಹಾಕಿದ್ದಾರೆ.

ಈಗ ನಿನ್ನಮ್ಮ ಬಿಡಿಸಿದ ಮಾತು. ಗುಬ್ಬಿ ಎಂಬುದು ಮುದ್ದಿನ ಹೆಸರೆಂದು ನೀನು ತಿಳಿದಿದ್ದೀ. ಅದು ತೂಕದಿಂದ ಬಂದ ಹೆಸರು. ನೀನು ಹುಟ್ಟಿದಾಗ ಎರಡು ಕೆಜಿ ನೂರು ಗ್ರಾಂ. ನಿನ್ನಮ್ಮನಿಗೆ ಜ್ವರ ಹತ್ತಿ ಹಾಲು ಬತ್ತಿಹೋಯಿತು. ನಾನೇ ಹೋಗಿ ಡಬ್ಬಿ ಹಾಲು ತಂದೆ. ಆ ನೀಲಿ ಡಬ್ಬಿ ಅದೇ.

ಅದರ ಮೇಲೆ ಒಂದು ಮಗುವಿನ ಚಿತ್ರವಿದೆ, ಕೆನ್ನೆ ಉಬ್ಬಿ, ಗುಂಡುಗುಂಡಗೆ ನಗುತ್ತಿರುವುದು. ನಿನ್ನಮ್ಮ ನಿನ್ನನ್ನು ನೋಡುವಳು, ಆ ಚಿತ್ರ ನೋಡುವಳು, ಅಳುವಳು. ನನ್ನ ತಾಯಿ, ನಿನ್ನ ಅಜ್ಜಿ, ಬಂದವರಿಗೆಲ್ಲ ನಿನ್ನನ್ನು "ಡಬ್ಬಿ ಕೂಸು" ಎಂದು ತೋರಿಸುತ್ತಿದ್ದರು. ಅವತ್ತು ಡಬ್ಬಿಯ ಮುಖವನ್ನು ಗೋಡೆಗೆ ತಿರುಗಿಸಿದವನು ನಾನು. ಗುಬ್ಬಿಗೆ ಇದು ಎಂದೂ ಗೊತ್ತಾಗಬಾರದೆಂದು ನಿನ್ನಮ್ಮ ಮಾತು ತೆಗೆದುಕೊಂಡಳು. ಕೊಟ್ಟೆ. ಮರುವರ್ಷ ಅರ್ಜಿ ಹಾಕಿ ಲೇಬಲ್ ವಿಭಾಗದಲ್ಲಿ ಕೆಲಸಕ್ಕೆ ಸೇರಿದೆ. ಡಬ್ಬಿಗಳಿಂದ ಆ ನಗುವ ಮಗುವನ್ನು ಅಳಿಸಬೇಕಿತ್ತು. ನಾನೂ ಬರೆದೆ, ಬೇರೆಯವರೂ ಬರೆದರು, ಕೊನೆಗೆ ಅದು ಹೋಯಿತು.

ಆಮೇಲೆ ಅದೇ ಜಾಗದಲ್ಲಿ ಐದು ಮಿಲಿಮೀಟರಿನ ಸಾಲನ್ನು ಕೂರಿಸಿದೆ. ಅದು ಸುಳ್ಳಲ್ಲ, ಗುಬ್ಬಿ. ಅಂಗಡಿಯಲ್ಲಿ ನಿಂತು ಯೋಚಿಸುತ್ತಿರುವವಳಿಗೆ ಅದು ಇರಲೇಬೇಕು. ಆದರೆ ಬೇರೆ ದಾರಿಯಿಲ್ಲದೆ ಮನೆಗೆ ತಂದವಳು ದಿನಕ್ಕೆ ಎಂಟು ಸಲ ಏನನ್ನು ಓದುತ್ತಾಳೆ ಎಂದು ನಾನು ಒಂದು ದಿನವೂ ಯೋಚಿಸಲಿಲ್ಲ. ನನ್ನ ಮನೆಯಲ್ಲೇ ಒಬ್ಬಳು ಹಾಗೆ ಅತ್ತದ್ದನ್ನು ಕಣ್ಣಾರೆ ಕಂಡಿದ್ದೆ, ಆದರೂ ಯೋಚಿಸಲಿಲ್ಲ. ಜೂನ್ 20ರ ಪತ್ರದಲ್ಲಿ ಸೋಮಾರಿತನ ಎಂಬ ಪದ ಬಳಸಿದ್ದೇನೆ. ಅದನ್ನು ಹೊಡೆದು ಹಾಕು. ಕೆಂಪು ಶಾಯಿಯಲ್ಲೇ ಹೊಡೆದು ಹಾಕು. ನನ್ನನ್ನು ಕ್ಷಮಿಸು, ಮಗಳೇ.

ಬಿಸ್ಕತ್ತುಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಹದಿನೈದು ದಿನ ರಜೆ ಹಾಕಿದ್ದೇನೆ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನು, ನಿನ್ನಮ್ಮ, ಮೊಣಕಾಲು ಮೂವರೂ ಬರುತ್ತಿದ್ದೇವೆ. ಮುಂದಿನ ಬಾಟಲಿ ನಾನು ಬೆರೆಸುತ್ತೇನೆ.

ಡಬ್ಬಿ ಕೂಸಿನ ಅಪ್ಪ


ಆಗಸ್ಟ್ 17

ಅಪ್ಪಾ,

ನೀವು ಹೋದ ಮೇಲೆ ಮನೆ ಬಿಕೋ ಅನ್ನುತ್ತಿದೆ. ನಿಮ್ಮ ಅಳಿಯ ಈಗಲೂ ಬಾಟಲಿ ಬೆರೆಸುವಾಗ ನಿಮ್ಮ ಹಾಗೇ ಒಂದು ಕಣ್ಣು ಮುಚ್ಚಿ ಚಮಚ ನೋಡುತ್ತಾರೆ. ನೀವು ಒಂದು ಬಾಟಲಿಗೆ ಇಪ್ಪತ್ತು ನಿಮಿಷ ತೆಗೆದುಕೊಂಡು ಗುಂಡನನ್ನು ಅಳಿಸಿದ್ದಕ್ಕೆ ಅವನು ನಿಮ್ಮ ಬಿಳಿ ಅಂಗಿಯ ಮೇಲೆ ಕೊಟ್ಟ ಉತ್ತರದ ಕಲೆ ಹೋಯಿತೇ? ತೂಕದ ಸಿಸ್ಟರ್ ನಿಮ್ಮನ್ನು ಕೇಳಿದರು. ಅವರ ತಕ್ಕಡಿ ಸೊನ್ನೆಯಲ್ಲಿದೆಯೇ ಎಂದು ಬಗ್ಗಿ ನೋಡಿದ ಮೊದಲ ಅಜ್ಜ ನೀವೇ ಅಂತೆ.

ವಿಷಯಕ್ಕೆ ಬರುತ್ತೇನೆ. ನೀವು ಹೊರಟ ದಿನ ಸಂಜೆ ಡಬ್ಬಿ ಎತ್ತಿಕೊಂಡಾಗ ಮುಂಭಾಗದ ಸಾಲಿನ ಕೆಳಗೆ ಒಂದು ಬಿಳಿ ಚೀಟಿ ಅಂಟಿಸಿರುವುದು ಕಂಡಿತು. ಕಪ್ಪು ಶಾಯಿ, ನಿಮ್ಮ ಕೈಬರಹ. "ಈ ಡಬ್ಬಿಯಿಂದ ಕುಡಿಸುವವಳೂ ತಾಯಿಯೇ" ಎಂದಿದೆ.

ಈ ಚೀಟಿಯನ್ನು ನಾನು ಪರಿಶೀಲಿಸಿದೆ. ಇದನ್ನು ಅಂಟಿಸಲು ಯಾವ ಕಚೇರಿಯ ಒಪ್ಪಿಗೆಯನ್ನೂ ಪಡೆದಿಲ್ಲ. ತಯಾರಕರ ಹೆಸರು, ವಿಳಾಸ, ದಿನಾಂಕ ಇಲ್ಲ. ಚೀಟಿ ಸ್ವಲ್ಪ ಓರೆಯಾಗಿದೆ. ಅಕ್ಷರದ ಎತ್ತರ ನಾಲ್ಕು ಪಾಯಿಂಟ್ ಎಂಟು ಮಿಲಿಮೀಟರ್, ನಿಯಮಕ್ಕಿಂತ ಕಡಿಮೆ. ಇಪ್ಪತ್ತೊಂಬತ್ತು ವರ್ಷ ಸರ್ವೀಸಾದವರಿಂದ ಇಂಥ ಕೆಲಸ ನಿರೀಕ್ಷಿಸಿರಲಿಲ್ಲ. ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಇನ್ನೊಂದು ಸಲ ಓದಿಸಿದಳು. ಆಮೇಲೆ "ಇದನ್ನ ನಂಗೆ ಮೂವತ್ತು ವರ್ಷದ ಹಿಂದೆ ಬರೆದುಕೊಡೋಕೆ ಏನಾಗಿತ್ತಂತೆ ಕೇಳು" ಅಂದಳು. ಕೇಳಿದ್ದೇನೆ. ಉತ್ತರ ಅವಳಿಗೆ ಕೊಡಿ, ಬರವಣಿಗೆಯಲ್ಲಿ.

ಇಷ್ಟೆಲ್ಲ ದೋಷಗಳಿದ್ದರೂ ಚೀಟಿಯನ್ನು ಒಪ್ಪಿದ್ದೇನೆ. ದಿನಕ್ಕೆ ಎಂಟು ಸಲ ಓದುತ್ತೇನೆ.

ಗುಂಡ ಇವತ್ತು ಐದು ಕೆಜಿ ಒಂಬೈನೂರು. ಸಿಸ್ಟರ್ ತಲೆ ಎತ್ತಿ ನನ್ನ ಮುಖ ನೋಡಿ "ಹಾಂ!" ಅಂದರು. ಡಬ್ಬಿ ನಿನ್ನೆ ಖಾಲಿಯಾಯಿತು. ಎಸೆದಿಲ್ಲ. ತೊಳೆದು ಒರೆಸಿ ಮೇಜಿನ ಮೇಲಿಟ್ಟು ಪೆನ್ನು, ಸ್ಕೇಲು ಹಾಕಿದ್ದೇನೆ. ಅದರ ಮುಖ ನಮ್ಮ ಕಡೆಗೇ ಇದೆ.

ನಿಮ್ಮ
ಗುಬ್ಬಿ